ಪಟೇಲರ ಅಂಗಳದ ಹೊಗೆ

"ಯಾವ ಲೌಡಿ ಬೆಳ್ದಿದ್ದೇ ಇದನ್ನ? ಬಾಯ್ ಬುಡ್ರೇ ಮುಂಡೇವಾ!"

ಪಟೇಲ ತೋಂಟದಾರ್ಯ ನಮ್ಮ ಕೇರಿಯ ಹಿತ್ತಲಲ್ಲಿ ನಿಂತು ಕೂಗುತ್ತಿದ್ದ. ಅವನು ನಮ್ಮ ಕೇರಿಗೆ ಕಾಲಿಟ್ಟಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಓಟು ಕೇಳುವಾಗಲೂ ಕೇರಿಯ ಗಡಿಯ ಹುಣಸೆಮರದ ಹತ್ತಿರವೇ ನಿಂತು ನಮ್ಮನ್ನು ಕರೆಸಿಕೊಳ್ಳುತ್ತಿದ್ದ. ಈಗ ನೋಡಿದರೆ ಪಂಚೆಯನ್ನು ಮೊಣಕಾಲ ಮೇಲೆ ಎತ್ತಿ ಹಿಡಿದು, ಯಾವುದೂ ತಾಗದಂತೆ ಕೋಳಿಪಿಕ್ಕೆ ದಾಟಿಕೊಂಡು ಬಂದುಬಿಟ್ಟಿದ್ದಾನೆ. ಅವನ ಹಿಂದೆ ತಿಪಟೂರಿನ ಕಡೆಯಿಂದ ಜೀಪಿನಲ್ಲಿ ಬಂದ ಅಬಕಾರಿ ಇನ್ಸ್‌ಪೆಕ್ಟರ್, ಇನ್ನೂ ಹಿಂದೆ ಇಬ್ಬರು ಪೇದೆಗಳು. ಎದುರಿಗೆ ಹಳೆಯ ಎಣ್ಣೆ ಡಬ್ಬಗಳಲ್ಲಿ ನಮ್ಮ ಗಾಂಜಾ ಗಿಡಗಳು ಸೊಂಪಾಗಿ ನಿಂತಿದ್ದವು, ಮದುವೆಗೆ ಹೊರಟ ಹೆಂಗಸರ ಹಾಗೆ.

"ಎಲ್ಲಾರ್ದೂ ಬುದ್ಧಿ" ಅಂದೆ ನಾನು.

"ಎಲ್ಲಾರ್ದೂ ಅಂದ್ರೆ ಏನೇ ತಿಮ್ಮಿ? ಕೇಸು ಒಬ್ರ ಮ್ಯಾಲೆ ಹಾಕದು."

ನಾನು ಸುಳ್ಳು ಹೇಳಿರಲಿಲ್ಲ. ಆ ಡಬ್ಬಗಳಿಗೆ ಇಂಥದ್ದೇ ಮನೆ ಅಂತ ಇರಲಿಲ್ಲ. ನಮ್ಮ ನಾಲ್ಕು ಮನೆಗಳ ಹಿತ್ತಲೂ ಒಂದಕ್ಕೊಂದು ಅಂಟಿಕೊಂಡಿವೆ. ಬೆಳಿಗ್ಗೆ ಬಿಸಿಲು ಓಬಮ್ಮನ ಹಿತ್ತಲಿಗೆ ಬೀಳುತ್ತದೆ, ಮಧ್ಯಾಹ್ನ ನನ್ನ ಹಿತ್ತಲಿಗೆ. ಬಿಸಿಲು ಹೋದ ಕಡೆಗೆ ಡಬ್ಬಗಳೂ ಹೋಗುತ್ತಿದ್ದವು. ನೀರು ಒಬ್ಬಳು ಹಾಕಿದರೆ ಗೊಬ್ಬರ ಇನ್ನೊಬ್ಬಳು ಹಾಕುತ್ತಿದ್ದಳು. ಆದರೆ ಕೇರಿಯಲ್ಲಿ ಔಷಧಿ ಹೋಗುತ್ತಿದ್ದದ್ದು ಒಬ್ಬನಿಗೇ, ಓಬಮ್ಮನ ಗಂಡ ಜವರಪ್ಪನಿಗೆ.

ಜವರಪ್ಪ ತೆಂಗಿನ ಮರ ಹತ್ತುವವನು. ಹೋದ ವರ್ಷ ಪಟೇಲನ ಮನೆ ಎದುರಿನ ಮರದಿಂದಲೇ ಬಿದ್ದ. ಗಾಳಿ ಜೋರಾಗಿದೆ, ನಾಳೆ ಹತ್ತುತ್ತೀನಿ ಬುದ್ಧಿ ಅಂದಿದ್ದಕ್ಕೆ, ನಿನ್ನ ಅಪ್ಪನ ಮನೆ ಗಾಳೀನೇನಲಾ ಅಂತ ಬೈಸಿಕೊಂಡು ಹತ್ತಿದ್ದ. ಬಿದ್ದವನನ್ನು ಆಸ್ಪತ್ರೆಗೆ ಸಾಗಿಸಲು ಪಟೇಲ ತನ್ನ ಟ್ರ್ಯಾಕ್ಟರ್ ಕೊಡಲಿಲ್ಲ, ಡ್ರೈವರ್ ಇಲ್ಲ ಅಂದ. ಡ್ರೈವರ್ ಅಲ್ಲೇ ನಿಂತು ಬೀಡಿ ಸೇದುತ್ತಿದ್ದ. ಜವರಪ್ಪನ ಬೆನ್ನು ಮುರಿಯಿತು, ಸೊಂಟದಿಂದ ಕೆಳಗೆ ಕಾಲು ಎರಡೂ ಸತ್ತವು. ಸತ್ತ ಕಾಲು ಸುಮ್ಮನಾದರೂ ಇರಬೇಕಲ್ಲ, ಅದೂ ಇಲ್ಲ. ಇದ್ದಕ್ಕಿದ್ದಂತೆ ಸೆಳೆತ ಬಂದು ಕಾಲುಗಳು ಮಂಚದ ಮೇಲೆ ಕುಣಿಯುತ್ತಿದ್ದವು, ಆ ಗಂಡಸು ಟವೆಲ್ಲು ಕಚ್ಚಿಕೊಂಡು ಅಳುತ್ತಿದ್ದ. ಡಾಕ್ಟರ ಮಾತ್ರೆ ನುಂಗಿದರೆ ದಿನವೆಲ್ಲ ಹೆಣದಂತೆ ಮಲಗುತ್ತಿದ್ದ, ಎದ್ದರೆ ಮತ್ತೆ ಸೆಳೆತ. ಕಡೆಗೆ ಗೊಲ್ಲರಹಟ್ಟಿಯ ಕುರಿ ಕಾಯುವ ಕ್ಯಾತಣ್ಣ ಒಂದು ಹಿಡಿ ಬೀಜ ಕೊಟ್ಟು ಬೆಳೆಸಿಕೊಳ್ಳಿ ಅಂದ. ಸೊಪ್ಪನ್ನು ತುಪ್ಪದಲ್ಲಿ ಹುರಿದು, ಬೆಲ್ಲದ ಪಾಕದಲ್ಲಿ ಉಂಡೆ ಕಟ್ಟಿ, ಗೋಲಿಯಷ್ಟು ಕೊಟ್ಟರೆ ಸಾಕು, ಜವರಪ್ಪನ ಕಾಲು ಮಲಗಿದ ಮಗುವಿನಂತಾಗುತ್ತಿತ್ತು. ಅವನ ಮುಖ ನೋಡಿ ನಮಗೇ ನಿದ್ದೆ ಬರುತ್ತಿತ್ತು.

ಪಟೇಲನಿಗೆ ಇದೆಲ್ಲ ಹಳೆಯ ಸುದ್ದಿ. ಅವನ ಅವ್ವ ಗುರುಶಾಂತಮ್ಮನವರ ಮಂಡಿನೋವಿಗೆ ಇದೇ ಸೊಪ್ಪು ಕಾಯಿಸಿದ ಕೊಬ್ಬರಿ ಎಣ್ಣೆ ಹಿತ್ತಲ ಬಾಗಿಲಿಂದ ಸೀಸೆಯಲ್ಲಿ ಹೋಗುತ್ತಿತ್ತು. ಆಗ ಇಲ್ಲದ ಕಾನೂನು ಈಗ ಯಾಕೆ ಬಂತೆಂದರೆ, ಜವರಪ್ಪ ಬಿದ್ದಮೇಲೆ ನಾವು ಕೇರಿಯ ಹೆಂಗಸರು ಪಟೇಲನ ಕೊಬ್ಬರಿ ಒಡೆಯಲು ಹೋಗುವುದನ್ನೇ ಬಿಟ್ಟಿದ್ದೆವು. ಅಟ್ಟದ ಮೇಲೆ ವರ್ಷ ಒಣಗಿ ಒಡೆಯಲು ಬಂದ ಕಾಯಿಗಳು ಈಗ ಇಲಿಗಳ ಪಾಲಾಗುತ್ತಿದ್ದವು. ಊರಿಗೆ ಆಗಷ್ಟೇ ಎಸ್‌ಟಿಡಿ ಬೂತ್ ಬಂದಿತ್ತು. ಅವನು ಅಲ್ಲಿಗೆ ಹೋಗಿ ಅಬಕಾರಿಯವರಿಗೆ ಫೋನು ಮಾಡಿದ್ದನ್ನು ಬೂತಿನ ಹುಡುಗಿ ಯಮುನಾ ಊರಿಗೆಲ್ಲ ಹೇಳಿದಳು.

ಓಬಮ್ಮ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಪಟೇಲನನ್ನು ಕಣ್ಣೆತ್ತಿಯೂ ನೋಡದೆ ನೇರ ಇನ್ಸ್‌ಪೆಕ್ಟರ್ ಮುಂದೆ ನಿಂತಳು. ಸಂತೆಯಲ್ಲಿ ಅವಳ ಜೊತೆ ಚೌಕಾಸಿ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ.

"ಸ್ವಾಮಿ, ಎಷ್ಟಿದ್ರೆ ತಪ್ಪಲ್ಲ ಅದನ್ನಾರ ಹೇಳಿ. ಒಬ್ಬ ಕಾಯ್ಲೆಯೋನಿಗೆ ಮೂರು ಗಿಡ ಬುಡ್ತೀರಾ?"

"ಇಲ್ಲ."

"ಎಲ್ಡು?"

"ಇಲ್ಲಮ್ಮ."

"ಒಂದು ಇಟ್ಕತೀವಿ. ನಾಕು ಮನೆಯೋರೂ ಹಂಚ್ಕಂತೀವಿ, ಮನೆಗೊಂದು ಕೊಂಬೆ. ಒಂದು ಕೊಂಬೆಗೆ ಏನು ಕೇಸು ಹಾಕೀರಿ?"

ಇನ್ಸ್‌ಪೆಕ್ಟರ್ ಕೆಟ್ಟವನೇನಲ್ಲ, ಬಿಸಿಲಿಗೆ ಬಂದು ಬೆವೆತು ಹೋಗಿದ್ದ ಅಷ್ಟೇ. "ಇದೇನು ಸಂತೆನಾ? ಒಂದೂ ಇಲ್ಲ, ಅರ್ಧವೂ ಇಲ್ಲ. ಕಾನೂನಲ್ಲಿ ಇರೋದು ಸೊನ್ನೆ. ಯಾರು ಯಜಮಾನರು ಹೇಳಿ, ಜೀಪು ಹತ್ತಿಸ್ತೀನಿ" ಅಂದ.

ನಾನು ನಂದು ಅಂದೆ. ಓಬಮ್ಮ ಅವಳ ಮಾತು ಕೇಳಬೇಡಿ, ನಂದು ಅಂದಳು. ಪಕ್ಕದ ಮನೆಯ ಕಣ್ಣು ಕಾಣದ ಅಜ್ಜಿ ಗೋಡೆ ಹಿಡಿದುಕೊಂಡು ಬಂದು, ಎಲ್ಲಕ್ಕಿಂತ ದೊಡ್ಡದು ತನ್ನದು ಅಂತ ಜಗಳಕ್ಕೇ ನಿಂತಳು. ಇಡೀ ಕೇರಿ ಜಾತ್ರೆಗೆ ಹೊರಟ ಹಾಗೆ ಜೀಪಿನ ಕಡೆ ಸಾಲು ಹಿಡಿಯಿತು. ಯಾವಳನ್ನು ಹತ್ತಿಸುವುದು, ಯಾವಳನ್ನು ಬಿಡುವುದು? ಪೇದೆಯೊಬ್ಬ ಇನ್ಸ್‌ಪೆಕ್ಟರ್ ಕಿವಿಯಲ್ಲಿ ಏನೋ ಪಿಸುಗುಟ್ಟಿದ. ಆಗ ಪಟೇಲನೇ ದಾರಿ ತೋರಿಸಿದ. ಕೇಸು ಹಾಕಿದರೆ ಕೋರ್ಟಿಗೆ ಅಲೆಯಬೇಕು, ಎಲ್ಲವನ್ನೂ ತಂದು ತನ್ನ ಮನೆ ಮುಂದೆ ಸುಟ್ಟುಬಿಡಲಿ, ಊರೆಲ್ಲ ನೋಡಲಿ, ಈ ಮುಂಡೇವಕ್ಕೆ ಅಷ್ಟು ಸಾಕು ಅಂದ. ಇನ್ಸ್‌ಪೆಕ್ಟರ್ ಒಪ್ಪಿದ. ಬೂದಿಯಾಗುವ ತನಕ ತಾನು ಎದುರಿಗೇ ಕೂರಬೇಕು, ರೂಲ್ಸು ಅಂದ.

ಗಿಡಗಳನ್ನು ಕಿತ್ತರು. ಓಬಮ್ಮನ ಮನೆಯ ಜಂತಿಗೆ ನೇತುಹಾಕಿ ನೆರಳಲ್ಲಿ ಒಣಗಿಸಿದ್ದ ಕಟ್ಟುಗಳನ್ನೂ ಬಿಡಲಿಲ್ಲ. ಮಂಚದ ಮೇಲಿದ್ದ ಜವರಪ್ಪ ತನ್ನ ತಲೆಯ ಮೇಲಿಂದ ಒಂದೊಂದೇ ಕಟ್ಟು ಇಳಿಯುವುದನ್ನು ನೋಡುತ್ತಿದ್ದ. ಹೊಸ ಬೀಜ ಗಿಡವಾಗಿ ಬಲಿಯುವ ತನಕ ಈ ಮನುಷ್ಯ ಟವೆಲ್ಲು ಕಚ್ಚಿಕೊಂಡು ಬದುಕಬೇಕು.

ಗಿಡಗಳ ರಾಶಿ ಪಟೇಲನ ಅಂಗಳದಲ್ಲಿ ಬಿತ್ತು. ಹಸಿ ಗಿಡ ಬೆಂಕಿ ಹಿಡಿಯುವುದುಂಟೇ? ಪೇದೆಗಳು ಕಡ್ಡಿ ಗೀರಿ ಗೀರಿ ಸಾಕಾದರು. ಪಟೇಲ ನಮ್ಮ ಕಡೆ ತಿರುಗಿ, "ನಿಂತ್ಕಂಡು ಏನು ನೋಡ್ತೀರೇ ದರಿದ್ರದೋವಾ? ಕೊಟ್ಟಿಗೆ ಹಿಂದೆ ಮಟ್ಟೆ ಬಿದ್ದವೆ, ಹೊತ್ಕಂಬನ್ನಿ" ಅಂದ.

ಕಾಯಿ ಸುಲಿದ ಮಟ್ಟೆಯ ಗುಡ್ಡವೇ ಅಲ್ಲಿತ್ತು. ಮೇಲಿನ ಪದರ ಒಣಗಿ ಗರಿಗರಿಯಾಗಿತ್ತು, ಅದಕ್ಕೆ ಬೆಂಕಿ ತಾಗಿಸಿದರೆ ಭಗ್ಗನೆ ಉರಿದು ಗಳಿಗೆಯಲ್ಲಿ ಕೆಲಸ ಮುಗಿಯುತ್ತದೆ. ಒಳಗಿನ ಮಟ್ಟೆ ಹೋದ ವಾರದ ಮಳೆಗೆ ನೆನೆದು ಅರೆಹಸಿಯಾಗಿತ್ತು. ದನಕ್ಕೆ ಸೊಳ್ಳೆ ಕಚ್ಚದಿರಲೆಂದು ಕೊಟ್ಟಿಗೆಯಲ್ಲಿ ನಾವು ಇಡುವುದು ಅಂಥದ್ದೇ, ಉರಿಯುವುದಿಲ್ಲ, ಆರುವುದೂ ಇಲ್ಲ, ಬೆಳಗಿನ ತನಕ ಹೊಗೆ. ನಾನು ಓಬಮ್ಮನ ಮುಖ ನೋಡಿದೆ. ಅವಳು ಮೇಲಿನ ಒಣ ಮಟ್ಟೆಯನ್ನು ಪಕ್ಕಕ್ಕೆ ಸರಿಸಿ ಒಳಗೆ ಕೈ ಹಾಕಿದಳು. ನನಗೆ ಅಲ್ಲಿಯೇ ನಗು ಬಂದು ಸೆರಗು ಬಾಯಿಗೆ ತುರುಕಿಕೊಂಡೆ.

ಬುಟ್ಟಿ ಬುಟ್ಟಿ ಸುರಿದೆವು. ಅಡಿಯಲ್ಲಿ ನಾಲ್ಕು ಒಣಗಿದ್ದು, ಮೇಲೆಲ್ಲ ಹಸಿಯದು. ಹೊಗೆ ಮೊದಲು ತೆಳ್ಳಗೆ ಎದ್ದು, ಆಮೇಲೆ ದಪ್ಪಗಾಗಿ ಪಟೇಲನ ಜಗುಲಿಯ ಮೇಲೇ ಹೋಗಿ ಕೂತಿತು. ಇನ್ಸ್‌ಪೆಕ್ಟರ್ ಆ ಜಗುಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಅಷ್ಟರಲ್ಲಿ ಓಬಮ್ಮ ನನ್ನ ತೋಳು ಹಿಡಿದು, "ಬಾರೇ ತಿಮ್ಮಕ್ಕ, ಮಂಚ ಎತ್ತನ" ಅಂದಳು.

ನಾಲ್ಕು ಜನ ಹೆಂಗಸರು ಜವರಪ್ಪನನ್ನು ಮಂಚ ಸಮೇತ ಹೊತ್ತೆವು. ಹುಣಸೆಮರ ದಾಟಿದೆವು. ಆ ಮರದಿಂದ ಆಚೆ ನಮ್ಮವರು ಕೂಲಿಗೆ ಹೋಗಿದ್ದಾರೆ, ಕಸ ಹೊತ್ತಿದ್ದಾರೆ, ಆದರೆ ಮಂಚದ ಮೇಲೆ ಮಲಗಿಕೊಂಡು ಯಾವನೂ ಹೋಗಿಲ್ಲ. ಗುಡಿಯ ಬೀದಿಯಲ್ಲಿ ಜನ ಬಾಗಿಲಿಗೆ ಬಂದು ನಿಂತರು. ಅಜ್ಜಿಯೊಬ್ಬಳು ಹೆಣ ಅಂತ ಕೈ ಮುಗಿದಳು. ಹೆಣವೇ ತಲೆಯೆತ್ತಿ ಅವಳಿಗೆ ಕೈ ಮುಗಿಯಿತು. ನಾವು ನಕ್ಕ ರಭಸಕ್ಕೆ ಮಂಚ ಒಂದು ಕಡೆ ವಾಲಿ ಜವರಪ್ಪ ಬೀಳುವುದೊಂದು ಬಾಕಿ.

ಪಟೇಲನ ಅಂಗಳದಲ್ಲಿ ಗಾಳಿ ಯಾವ ಕಡೆ ಇದೆ ನೋಡಿ, ಹೊಗೆಯ ನಡುವೆಯೇ ಮಂಚ ಇಳಿಸಿದೆವು.

"ಏಯ್! ಏನೇ ಇದು? ಎತ್ರೇ!" ಅಂತ ಪಟೇಲ ಜಗುಲಿಯಿಂದ ಹಾರಿದ.

ಓಬಮ್ಮ ಇನ್ಸ್‌ಪೆಕ್ಟರ್ ಕಡೆ ತಿರುಗಿ ಮೆಲ್ಲಗೆ ಕೇಳಿದಳು. "ಸ್ವಾಮಿ, ಬೆಳೆಯಂಗಿಲ್ಲ ಅಂದ್ರಿ, ಇಟ್ಕಳಂಗಿಲ್ಲ ಅಂದ್ರಿ. ಉಸ್ರಾಡಂಗಿಲ್ಲ ಅಂತಾನೂ ಐತಾ?"

ಇನ್ಸ್‌ಪೆಕ್ಟರ್ ಯೋಚನೆ ಮಾಡಿದ. ನಿಜವಾಗಿಯೂ ಯೋಚನೆ ಮಾಡಿದ, ಹುಬ್ಬು ಗಂಟಿಕ್ಕಿ, ಬಹಳ ಹೊತ್ತು. ಯೋಚನೆ ಮಾಡುವವನ ಮೂಗಿಗೂ ಹೊಗೆ ಹೋಗುತ್ತಲೇ ಇತ್ತು. "ಅದು... ಅದೇನೂ ಇಲ್ಲಮ್ಮ" ಅಂದವನೇ ಕಿಸಕ್ಕನೆ ನಕ್ಕ. ನಕ್ಕಿದ್ದಕ್ಕೆ ತಾನೇ ಗಾಬರಿಯಾಗಿ ಟೋಪಿ ಸರಿಮಾಡಿಕೊಂಡ. ಪೇದೆಯೊಬ್ಬ ಪಟೇಲನ ಕಡೆ ಬೆರಳು ಮಾಡಿ ಬಿದ್ದು ಬಿದ್ದು ನಗತೊಡಗಿದ. ಕೇರಿಯಲ್ಲಿ ಎತ್ತಿಕೊಂಡ ಪಂಚೆಯನ್ನು ಪಟೇಲ ಇನ್ನೂ ಇಳಿಸಿರಲಿಲ್ಲ. ಅದನ್ನೇ ಮೊಣಕಾಲ ಮೇಲೆ ಹಿಡಿದುಕೊಂಡು ಅಂಗಳವೆಲ್ಲ ಕುಣಿದಾಡುತ್ತಿದ್ದ.

ಮಂಚ ಎತ್ತಿರಿ ಅಂತ ಊರಿನವರಿಗೆ ಹೇಳಿದ. ಹೊಲೆಯರ ಮಂಚ ಮುಟ್ಟಲು ಯಾರು ಬರುತ್ತಾರೆ? ಒಬ್ಬೊಬ್ಬರೇ ಹಿಂದೆ ಸರಿದರು. ತಾನೇ ಎರಡು ಹೆಜ್ಜೆ ಮುಂದೆ ಬಂದ, ಕೈ ಚಾಚಿದ, ಮೈಲಿಗೆ ನೆನಪಾಗಿ ಕೈ ಹಿಂದಕ್ಕೆ ಎಳೆದುಕೊಂಡ. ಅವನ ಅಪ್ಪ, ತಾತ ಎಲ್ಲ ಸೇರಿ ಕಟ್ಟಿದ ಮಡಿ ಅವನನ್ನು ಅಂಗಳದ ನಡುವೆ ಕಂಬದ ಹಾಗೆ ನಿಲ್ಲಿಸಿತು. ನಾನು ಬದುಕಿನಲ್ಲಿ ಆ ಮಡಿಗೆ ಋಣಿಯಾಗಿದ್ದು ಅವತ್ತೊಂದೇ ದಿನ. ನೀರು ತನ್ನಿ, ಬೆಂಕಿ ಆರಿಸಿ ಅಂತ ಕೂಗಿದ. ಇನ್ಸ್‌ಪೆಕ್ಟರ್ ಕುರ್ಚಿಯಲ್ಲಿ ನೆಟ್ಟಗೆ ಕೂತು, ಕಣ್ಣೊರೆಸಿಕೊಂಡು, ಬೂದಿಯಾಗುವ ತನಕ ಯಾರೂ ಆರಿಸುವ ಹಾಗಿಲ್ಲ, ಆರಿಸಿದರೆ ನಿಮ್ಮ ಮೇಲೇ ಕೇಸು ಅಂದ. ಆ ಮಾತಿಗೂ ನಕ್ಕ.

ಮೇಲಿನ ಕಿಟಕಿಯಲ್ಲಿ ಗುರುಶಾಂತಮ್ಮನವರ ಮುಖ ಕಾಣಿಸಿತು. ಕಿಟಕಿ ಹಾಕವ್ವ, ಹೊಗೆ ಬತ್ತದೆ ಅಂತ ಮಗ ಚೀರಿದ.

"ಬರ್ಲಿ ಬುಡಪ್ಪ" ಅಂದಿತು ಮುದುಕಿ. "ಬೆಳಗಿಂದ ಮಂಡಿ ಹಿಡ್ಕಂಡೈತೆ."

ಅಂಗಳಕ್ಕೆ ಅಂಗಳವೇ ಹೋ ಅಂತು. ಅಷ್ಟು ಗದ್ದಲದಲ್ಲಿ ನಾನು ಮಂಚದ ಕಡೆ ನೋಡಿದೆ. ಜವರಪ್ಪನ ಕಾಲುಗಳು ಸುಮ್ಮನಿದ್ದವು. ಟವೆಲ್ಲು ಎದೆಯ ಮೇಲೆ ಸಡಿಲವಾಗಿ ಬಿದ್ದಿತ್ತು. ಅಂಗಾತ ಮಲಗಿ ಮೇಲೆ ನೋಡುತ್ತಿದ್ದ. ಅವನ ನೆತ್ತಿಯ ಮೇಲೇ ಇತ್ತು, ಅವನು ಬಿದ್ದ ಆ ಮರ. ಗೊನೆ ತುಂಬ ಕಾಯಿ, ಅವನು ಬಿದ್ದಮೇಲೆ ಯಾರೂ ಹತ್ತಿರಲಿಲ್ಲ.

"ತೋಂಟದಾರ್ಯ" ಅಂದ ಜವರಪ್ಪ. ಬುದ್ಧಿ ಅನ್ನಲಿಲ್ಲ, ಪಟೇಲ್ರೇ ಅನ್ನಲಿಲ್ಲ. "ಕಾಯಿ ಬಲ್ತವೆ ಕಣ್ಲಾ. ಪಂಚೆ ಹೆಂಗೂ ಎತ್ಕಂಡಿದೀಯ, ಹತ್ತು."

ಪಟೇಲ ಎತ್ತಿ ಹಿಡಿದಿದ್ದ ಪಂಚೆ ಅವನ ಕೈಯಿಂದ ಜಾರಿ ಕೆಳಗಿಳಿಯಿತು. ಓಬಮ್ಮ ಮಂಚದ ಕಾಲಿಗೆ ಒರಗಿ ಕೂತು ನಗುತ್ತಿದ್ದಳು, ನಗುತ್ತಲೇ ಅಳುತ್ತಿದ್ದಳು. ನನಗೂ ಹಾಗೇ ಆಯಿತು. ವರ್ಷದಿಂದ ಆ ಮನುಷ್ಯನ ಬಾಯಲ್ಲಿ ನೋವಿನ ಕೂಗು ಬಿಟ್ಟು ಬೇರೆ ಏನೂ ಕೇಳಿರಲಿಲ್ಲ ನಾವು.

ನಾಳೆ ನಮ್ಮ ಗತಿ ಏನು ಅಂತ ಗೊತ್ತಿರಲಿಲ್ಲ. ಹೊಗೆ ಇಳಿದರೆ ಇನ್ಸ್‌ಪೆಕ್ಟರಿಗೆ ಮತ್ತೆ ಕಾನೂನು ನೆನಪಾಗುತ್ತದೆ, ಪಟೇಲನಿಗೆ ಸಿಟ್ಟು ಬರುತ್ತದೆ, ಜವರಪ್ಪನಿಗೆ ಸೆಳೆತ ಬರುತ್ತದೆ. ರಾಶಿ ಆಗಲೇ ಅರ್ಧ ಕುಸಿದಿತ್ತು. ಓಬಮ್ಮ ಮೂಗೊರೆಸಿಕೊಂಡು ಎದ್ದು ಖಾಲಿ ಬುಟ್ಟಿಯನ್ನು ನನ್ನ ಕೈಗೆ ತುರುಕಿದಳು.

"ಇನ್ನೊಂದು ಬುಟ್ಟಿ ತತ್ತಾರೇ ತಿಮ್ಮಕ್ಕ. ಅಡೀದು ನೋಡ್ಕಂಡು ತಗಾ, ಚೆನ್ನಾಗಿ ಹಸಿ ಇರ್ಲಿ."

ನಾನು ಪಟೇಲನ ಮುಂದೆಯೇ ಹಾದು ಕೊಟ್ಟಿಗೆಯ ಹಿಂದಕ್ಕೆ ಹೋದೆ.