ಚಿಕ್ಕಸ್ವಾಮಿಯ ಬನಿಯನ್ನು

ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ ಚಿಕ್ಕಸ್ವಾಮಿ ಅರ್ಧಕ್ಕೇ ಕೈ ನಿಲ್ಲಿಸಿ ಅಪ್ಪುವಿನ ಮುಖ ನೋಡಿದ.

"ಏನಂದೆ? ಇನ್ನೊಂದ್ಸಲ ಏಳು."

"ನಿನ್ನ ರಾಜ್ಯದ ಟೀಮಿನ ಬನೀನು ಚಿಕ್ಕಪ್ಪ," ಎಂದ ಅಪ್ಪು. ಸತ್ತ ಚಲುವರಾಜುವಿನ ಒಬ್ಬನೇ ಮಗ ಅವನು. "ಅಪ್ಪನ ಎದೆ ಮ್ಯಾಲೆ ಮಿಲಿಟ್ರಿ ಮೆಡಲು ಮಡಗ್ತಾ ಇದ್ದೀವಿ. ಕಬಡ್ಡಿದೂ ಏನಾರ ಇರ್ಲಿ ಅಂತ ಊರೋರೆಲ್ಲ ಅಂತಾವ್ರೆ. ಎಂಗಿದ್ರೂ ಅದು ಅಪ್ಪಂಗೆ ಬರ್ಬೇಕಾಗಿದ್ದ ಬನೀನಲ್ವಾ? ಅವ್ರ ಜತೇಲೆ ಮಣ್ಣಿಗೋಗ್ಲಿ ಬುಡು."

ಚಿಕ್ಕಸ್ವಾಮಿ ಗಂಟನ್ನು ಎಷ್ಟು ಜೋರಾಗಿ ಎಳೆದನೆಂದರೆ ಬಿದಿರು ಸೀಳಿತು. ಬೇರೆ ಗಳ ತರಲು ಯಾರೋ ಓಡಿದರು. ಗೆಳೆಯ ಹೋದ ದುಃಖಕ್ಕೆ ಕೈ ಹಿಡಿತ ತಪ್ಪಿದೆ, ಪಾಪ, ಎಂದು ಪಕ್ಕದವರು ಮಾತಾಡಿಕೊಂಡರು.

ದುಃಖವಲ್ಲ, ಹೊಟ್ಟೆಕಿಚ್ಚು. ದೇವಲಾಪುರದ ಸುತ್ತಮುತ್ತ ಚಿಕ್ಕಸ್ವಾಮಿ ಆಡಿದ ಆಟಕ್ಕಿಂತ ಚಲುವರಾಜು ಆಡದ ಆಟಕ್ಕೇ ಬೆಲೆ ಹೆಚ್ಚು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎನ್ನುತ್ತಾರೆ. ಚಲುವರಾಜುವಿಗೆ ಬದುಕಿದ್ದಾಗಲೇ ಆ ಹತ್ತು ಸೇರೂ ಸಿಕ್ಕಿತ್ತು. ಬೆಳಗಿನಿಂದ ಶಾಮಿಯಾನದ ಕೆಳಗೆ ಕೂತವರೆಲ್ಲ, ಯುದ್ಧವೊಂದು ಬಾರದಿದ್ದರೆ ಚಲುವಣ್ಣ ಇಂಡಿಯಾಕ್ಕೇ ಆಡುತ್ತಿದ್ದ ಎಂದು ಹೇಳುತ್ತಲೇ ಇದ್ದರು. ರಾಜ್ಯಕ್ಕೆ ನಿಜವಾಗಿ ಆಡಿದವನು ಅವರ ಮುಂದೆಯೇ ಚಟ್ಟ ಕಟ್ಟುತ್ತಿದ್ದ.

*

ಎಪ್ಪತ್ತೊಂದನೆಯ ಇಸವಿಯಲ್ಲಿ ಚಲುವರಾಜು ಮಿಲಿಟರಿಯಿಂದ ರಜೆಯ ಮೇಲೆ ಬಂದಿದ್ದ. ಹೇಮಗಿರಿಯ ಹೊಳೆದಂಡೆಯಲ್ಲಿ ನಡೆದ ಪಂದ್ಯದಲ್ಲಿ ಅವನು ಎದುರು ತಂಡದೊಳಗೆ ನುಗ್ಗಿದರೆ, ಹಿಡಿಯಲು ಬಂದವರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಅಲ್ಲಿಂದಲೇ ಅವನನ್ನು ರಾಜ್ಯ ತಂಡಕ್ಕೆ ಆರಿಸಿದರು. ಚಿಕ್ಕಸ್ವಾಮಿಯನ್ನು ಹೆಚ್ಚುವರಿ ಆಟಗಾರನೆಂದು ಬರೆದುಕೊಂಡರು.

ತಂಡ ಹೊರಡುವ ಮುಂಚೆ ಚಲುವರಾಜುವಿಗೆ ತಂತಿ ಬಂತು. ರಜೆ ರದ್ದು, ಕೂಡಲೇ ಬರಬೇಕು. ಕೃಷ್ಣರಾಜಪೇಟೆಯ ಬಸ್ ನಿಲ್ದಾಣದಲ್ಲಿ ಊರೇ ಅವನನ್ನು ಕಳಿಸಿಕೊಟ್ಟಿತು. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅವನು, "ನನ್ ಜಾಗ ಉಸಾರು ಕಣ್ಲಾ ಚಿಕ್ಕ," ಎಂದು ನಕ್ಕ. ಸುತ್ತ ಇದ್ದವರೂ ನಕ್ಕರು. ಚಿಕ್ಕಸ್ವಾಮಿ ನಗಲಿಲ್ಲ. ಅವನು ಆ ಜಾಗದಲ್ಲಿ ಮೂರು ವರ್ಷ ಆಡಿದ. ಮೂಗು ಮುರಿಸಿಕೊಂಡ, ಭುಜ ಕಳಚಿಕೊಂಡ, ಎದೆಯ ಮೇಲೆ ಬಿಳಿ ಅಕ್ಷರದಲ್ಲಿ ಆಗಿನ ರಾಜ್ಯದ ಹೆಸರು ಮೈಸೂರು ಎಂದಿದ್ದ ಹಸಿರು ಬನಿಯನ್ನು ತೊಟ್ಟು ಗೆದ್ದು ಬಂದ.

ಆ ಯುದ್ಧ ಮುಗಿಯುತ್ತಲೇ ಚಲುವರಾಜು ಮೊಣಕಾಲಿಗೆ ಗುಂಡಿನ ಪೆಟ್ಟು ತಿಂದು ಕುಂಟುತ್ತ ಬಂದ. ಊರು ತಮಟೆ ಬಡಿಸಿ ಅವನನ್ನು ಎದುರುಗೊಂಡಿತು. ಅವನು ಪೇಟೆಯಲ್ಲಿ ಬ್ಯಾಂಕಿನ ಕಾವಲಿಗೆ ಸೇರಿದ, ಮತ್ತೆ ಅಂಕಣಕ್ಕೆ ಇಳಿಯಲೇ ಇಲ್ಲ. ಇಳಿಯದವನನ್ನು ಸೋಲಿಸುವುದು ಹೇಗೆ? ಒಂದೇ ಒಂದು ಸಲ ಅವನು ಅಖಾಡಕ್ಕೆ ಬಂದಿದ್ದರೆ ತೀರ್ಮಾನವಾಗಿಬಿಡುತ್ತಿತ್ತು. ಕುಂಟನ ಮೇಲೆ ಹೊಟ್ಟೆಕಿಚ್ಚು ಪಡುವುದು ನಾಚಿಕೆಗೇಡು ಎಂದು ಚಿಕ್ಕಸ್ವಾಮಿಗೂ ಗೊತ್ತಿತ್ತು. ಗೊತ್ತಿದ್ದೂ ಪಟ್ಟ, ಮನಸಾರೆ ಪಟ್ಟ.

*

ಚಟ್ಟ ಕಟ್ಟಿ ಮುಗಿಸಿ ಅವನು ಮನೆಗೆ ಹೊರಟಾಗ ಚಲುವರಾಜುವಿನ ಹೆಂಡತಿ ಬೈರಮ್ಮ ಕೊಟ್ಟಿಗೆಯ ಮಗ್ಗುಲಿಂದ ಕರೆದಳು. ಮಗ ಕೇಳಿದ ವಿಷಯ ಅವಳ ಕಿವಿಗೂ ಬಿದ್ದಿತ್ತು.

"ಬನೀನ ಕೊಡ್ಬ್ಯಾಡ ಕಣಪ್ಪ," ಎಂದಳು. "ನೀನು ಮಂಡ್ಯದಲ್ಲಿ ಆಡಿದ್ದ ನೋಡಕ್ಕೆ ಅವ್ರು ಕದ್ದು ಓಗಿದ್ರು. ಬಂದವ್ರು ಉಣ್ಣನಿಲ್ಲ. ಕಾಲು ನೆಟ್ಟಗಿದ್ದಾಗ್ಲೂ ನಾನು ಇಂಗೆ ಆಡಿರ್ನಿಲ್ಲ, ಅವ್ನೇ ಮೇಲು ಅಂದ್ಬುಟ್ರು. ಆಮ್ಯಾಕೆ ಒಂದಿನಾನೂ ಆ ಮಾತ್ನ ಎತ್ತನಿಲ್ಲ."

ಐವತ್ತು ವರ್ಷ ಕಾದ ಮಾತು ಕೊಟ್ಟಿಗೆಯ ಗೋಡೆ ಮಗ್ಗುಲಲ್ಲಿ ಸಿಕ್ಕಿತು. ಚಿಕ್ಕಸ್ವಾಮಿಗೆ ಸಂತೋಷವಾಯಿತು. ಅದರ ಹಿಂದೆಯೇ ದುರಾಸೆಯೂ ಬಂತು.

"ಇದ್ನ ಅಲ್ಲಿ ಎಲ್ಲಾರ್ ಮುಂದೆ ಏಳು ಅತ್ಗೆ. ಒಂದ್ಸಲ ಸಾಕು."

ಬೈರಮ್ಮ ಮನೆಯ ಮುಂಬಾಗಿಲ ಕಡೆ ಕೈ ತೋರಿಸಿದಳು.

"ನನ್ ಗಂಡ ಅಟ್ಟಿ ಬಾಗ್ಲಲ್ಲಿ ಎಣವಾಗಿ ಮಲ್ಗವ್ರೆ. ಇವತ್ತು ಅವ್ರನ್ನ ಇಳ್ಸಿ ನಿನ್ನ ಏರಿಸ್ಲಾ?"

ಅವಳು ಸೆರಗು ಹೊದ್ದುಕೊಂಡು ಹೆಂಗಸರ ನಡುವೆ ಹೋಗಿ ಕೂತಳು. ಚಿಕ್ಕಸ್ವಾಮಿ ಮನೆಗೆ ಹೋದ, ಟ್ರಂಕು ತೆಗೆದ. ಅಪ್ಪು ಮತ್ತೆ ಕೇಳಿದಾಗ, ಹುಡುಕಿದೆ, ಸಿಗಲಿಲ್ಲ ಎಂದುಬಿಟ್ಟ.

*

ಹೊಲದ ಹೊಂಗೆ ಮರದ ಹತ್ತಿರ ಗುಂಡಿ ತೆಗೆದಿದ್ದರು. ಮಾಜಿ ಸೈನಿಕರು ಸಾಲಾಗಿ ನಿಂತಿದ್ದರು. ಅವರ ಮುಖಂಡ ನಾಲ್ಕು ಮಾತಾಡಿ, ಈ ತ್ಯಾಗ ಮಾಡದಿದ್ದರೆ ನಮ್ಮ ಚಲುವರಾಜು ದೇಶಕ್ಕೇ ಹೆಸರಾಂತ ಆಟಗಾರನಾಗುತ್ತಿದ್ದ ಎಂದು ಮುಗಿಸಿದ. ಯಾರೋ ಹೌದು ಹೌದು ಎಂದರು.

ಹೆಣ ಇಳಿಸಿಕೊಳ್ಳಲು ಇಬ್ಬರು ಗುಂಡಿಗೆ ಇಳಿಯಬೇಕು. ಇಳಿಯುವವರು ಅಂಗಿ ಬಿಚ್ಚುವುದು ಅಲ್ಲಿಯ ಪದ್ಧತಿ. ತಲೆಯ ಕಡೆಗೆ ಚಲುವರಾಜುವಿನ ಅಳಿಯ ಇಳಿದ. ಕಾಲಿನ ಕಡೆಗೆ ತಾನೇ ಎಂದು ಚಿಕ್ಕಸ್ವಾಮಿ ಮುಂದೆ ಬಂದು ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ. ಒಳಗೆ ಹಸಿರು ಬನಿಯನ್ನಿತ್ತು. ಹೊಟ್ಟೆಯ ಮೇಲೆ ಬಿಗಿದು ಕಂಕುಳಲ್ಲಿ ಹೊಲಿಗೆ ಬಿಟ್ಟಿತ್ತು. ಇದು ಯಾರದೆಂದು ಎಲ್ಲರೂ ಕಣ್ಣಾರೆ ನೋಡಲಿ ಎಂದು ಅವನು ಎದೆ ಸೆಟೆಸಿ ಜನರ ಕಡೆ ತಿರುಗಿ ನಿಂತ.

"ನೋಡ್ರಪ್ಪ," ಎಂದು ಯಾರೋ ಬಿಕ್ಕಿದರು, "ಸ್ನೇಯಿತನ್ಗೋಸ್ಕರ ಆಕ್ಕಂಡು ಬಂದವ್ನೆ."

ಅಪ್ಪು ಬಂದು ಅವನನ್ನು ತಬ್ಬಿಕೊಂಡು, "ಅಪ್ಪಂಗೆ ಇದ್ಕಿಂತ ಮರ್ವಾದೆ ಇನ್ನೇನ್ ಬೇಕು ಚಿಕ್ಕಪ್ಪ," ಎಂದು ಅತ್ತ. ಮಾಜಿ ಸೈನಿಕರು ಹೆಣದ ಕಡೆಗೆ ಸೆಲ್ಯೂಟ್ ಹೊಡೆದರು. ಇದು ನನ್ನದು ಎನ್ನಲು ಬಾಯಿ ತೆರೆದ ಚಿಕ್ಕಸ್ವಾಮಿ ಬೈರಮ್ಮನನ್ನು ಹುಡುಕಿದ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನೆಲ ನೋಡುತ್ತಿದ್ದಳು.

ಅವನು ಗುಂಡಿಗೆ ಇಳಿದ. ಮೇಲಿನಿಂದ ಹೆಣ ಬಂತು, ಕಾಲುಗಳು ಅವನ ಕೈ ಸೇರಿದವು. ಮೊಬೈಲು ಹಿಡಿದವರೆಲ್ಲ ಅಂಚಿಗೆ ಬಂದು ಬಗ್ಗಿದರು. ಅಂಚಿನ ಮಣ್ಣು ಕುಸಿದು ಅವನ ಎದೆಯ ಮೇಲೆ, ಬಿಳಿ ಅಕ್ಷರಗಳ ಮೇಲೆ ಸುರಿಯಿತು. ಒರೆಸಿಕೊಳ್ಳೋಣವೆಂದರೆ ಅವನ ಎರಡು ಕೈಗಳಲ್ಲೂ ಚಲುವರಾಜುವಿನ ಕಾಲುಗಳಿದ್ದವು.