ಕುಶಲಾಳ ಹೆಸರಿಗೆ ಮಂಜೂರಾದ ಉಸಿರು

ಎಲ್ಲಿಂದ ಶುರು ಮಾಡಲಿ? ಹೆಜಮಾಡಿಯಿಂದ ಕಾರ್ಕಳದವರೆಗೆ ನನ್ನಷ್ಟು ಚೆಂದ ಕಥೆ ಶುರು ಮಾಡುವವನು ಇನ್ನೊಬ್ಬನಿಲ್ಲ. ನಾನು ಬಾಯಿ ತೆರೆದರೆ ಕಾಪುವಿನ ದೀಪಸ್ತಂಭ ಕಣ್ಣು ಮಿಟುಕಿಸುವುದನ್ನೇ ಮರೆಯುತ್ತದೆ. ಆದರೂ ಇದನ್ನು ಮೂವತ್ತು ಸಲ ಬರೆದು ಹರಿದಿದ್ದೇನೆ. (ಮೂರು ಸಲ. ಆದರೆ ಜೋರಾಗಿ ಹರಿದಿದ್ದೇನೆ.)

೧.

೧೯೮೭. ಕಾಪುವಿನ ಟೈಲರ್ ಭೋಜನ ಹೆಂಡತಿ ಚಂಪಾಳಿಗೆ ಉಸಿರು ಸಾಲದ ಕಾಯಿಲೆ. ಮನೆಯಲ್ಲೇ ಆಕ್ಸಿಜನ್ ಯಂತ್ರ ಇಡಬೇಕೆಂದು ಮಣಿಪಾಲದ ಡಾಕ್ಟರು ಬರೆದುಕೊಟ್ಟರು. ಪುಣ್ಯಕ್ಕೆ ಭೋಜ ಆ ವರ್ಷವೇ ಆರೋಗ್ಯ ವಿಮೆ ಮಾಡಿಸಿದ್ದ. ಫಾರಂನಲ್ಲಿ ‘ಕುಟುಂಬದ ಸದಸ್ಯರು’ ಎಂಬಲ್ಲಿ ಚಂಪಾ ಎಂದು ಬರೆದು, ಅದರ ಕೆಳಗೆ ‘ಕುಶಲಾ, ಮಗಳು, ಹತ್ತೊಂಬತ್ತು ವರ್ಷ’ ಎಂದೂ ತುಂಬಿದ್ದ.

ಕುಶಲಾ ಏಳನೆಯ ವಯಸ್ಸಿಗೇ ಸಮುದ್ರದಲ್ಲಿ ಮುಳುಗಿ ಹೋದವಳು.

(ಭೋಜನನ್ನು ಮೋಸಗಾರ ಎನ್ನಬೇಡಿ. ನಮ್ಮ ಕಡೆ ಸತ್ತ ಮಕ್ಕಳಿಗೂ ವಯಸ್ಸಾಗುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ಅವರಿಗೂ ಎಲೆ ಹಾಕಿ ಬಡಿಸುತ್ತೇವೆ. ಪ್ರಾಯಕ್ಕೆ ಬಂದರೆ ಸತ್ತ ಹುಡುಗನನ್ನೇ ಹುಡುಕಿ ಮದುವೆ ಮಾಡುತ್ತೇವೆ. ಎಲೆ ಹಾಕುವಾಗ ಬಿಡದವಳನ್ನು ಫಾರಂನಲ್ಲಿ ಹೇಗೆ ಬಿಡುವುದು?)

ಉಡುಪಿಯ ಕಚೇರಿಯಲ್ಲಿ ಟೈಪ್ ಮಾಡಿದವರು ಒಂದು ಸಾಲು ಕೆಳಗೆ ಜಾರಿದರು. ಯಂತ್ರ ಬಂತು. ಚಂಪಾ ಹೊಟ್ಟೆ ತುಂಬ ಉಸಿರಾಡಿದಳು. ಹಿಂದೆಯೇ ಕಾಗದವೂ ಬಂತು: ‘ರೋಗಿಯ ಹೆಸರು ಕುಶಲಾ. ಪರಿಶೀಲನೆಗೆ ಬರುತ್ತೇವೆ. ರೋಗಿ ಮನೆಯಲ್ಲಿ ಇಲ್ಲದಿದ್ದರೆ ಯಂತ್ರ ವಾಪಸ್.’

೨.

ಬೆಳಿಗ್ಗೆ ಹನ್ನೊಂದಕ್ಕೆ ವಿಮೆ ಕಚೇರಿಯ ಇನ್ಸ್‌ಪೆಕ್ಟರ್ ದಾಮೋದರ ರಾಯರು ಬಂದರು. ಗೇಟಿನ ಸದ್ದು ಕೇಳಿದ್ದೇ ಚಂಪಾ ಹೆದರಿ, ಮಾಸ್ಕ್ ಕಳಚಿ, ಖಾಲಿ ಕುರ್ಚಿಗೆ ನೇತುಹಾಕಿದಳು.

“ಕುಶಲಾ ಎಲ್ಲಿ?”

ಭೋಜ ಕೊರಳಿನ ಅಳತೆ ಟೇಪನ್ನು ಬೆರಳಿಗೆ ಸುತ್ತತೊಡಗಿದ. ರಾಯರೇ ಮುಂದುವರಿಸಿದರು.

“ಮದುವೆಯಾಗಿದೆಯಾ? ಮದುವೆಯಾದ ಮಗಳಿಗೆ ನಿಮ್ಮ ಪಾಲಿಸಿಯಲ್ಲಿ ಜಾಗ ಇಲ್ಲ, ಹೇಳಿಬಿಡುತ್ತೇನೆ.”

“ಆಗಿಲ್ಲ ಸಾರ್. ಕಾರ್ಕಳದಲ್ಲಿ ಒಂದು ಹುಡುಗ ಉಂಟು. ಸುಂದರ ಅಂತ.”

“ಎಂತ ಮಾಡಿಕೊಂಡಿದ್ದಾನೆ?”

“ಎಂತ ಮಾಡುವುದು ಸಾರ್, ಅವನೂ ಹೋದವನೇ.”

“ದುಬೈಗಾ? ಒಳ್ಳೆಯದಾಯಿತಲ್ಲ ಮಾರಾಯ!”

ರಾಯರು ನಗುತ್ತ ಕುರ್ಚಿಯತ್ತ ತಿರುಗಿದರು. ನಗು ಅಲ್ಲೇ ನಿಂತಿತು. ಯಂತ್ರದ ಬಾಟಲಿಯಲ್ಲಿ ನೀರು ಗುಳುಗುಳು ಎನ್ನುತ್ತಿತ್ತು. ನೇತಾಡುತ್ತಿದ್ದ ಮಾಸ್ಕಿನ ಒಳಗೆ ಮಂಜು ಕಟ್ಟಿತು. ಕರಗಿತು. ಮತ್ತೆ ಕಟ್ಟಿತು.

(ಒದ್ದೆ ಹೆಜ್ಜೆ, ಉಪ್ಪಿನ ವಾಸನೆ, ಏನು ಬೇಕಾದರೂ ಸೇರಿಸಬಹುದಿತ್ತು. ಸೇರಿಸಿಲ್ಲ. ಮಂಜು ಮಾತ್ರ ಇತ್ತು.)

ರಾಯರು ನಿಂತಲ್ಲೇ ಬರೆದರು: ‘ರೋಗಿಯನ್ನು ನೋಡಿದೆ. ಮಾಸ್ಕ್ ತೆಗೆಯಕೂಡದು.’ ಚಹಾ ಮುಟ್ಟದೆ ಹೋದರು.

೨, ಮತ್ತೊಮ್ಮೆ.

ಮೊದಲ ಪ್ರತಿಯಲ್ಲಿ ರಾಯರನ್ನು ಮಟ್ಟುವಿನ ಬದನೆ ಗದ್ದೆಯವರೆಗೆ ಓಡಿಸಿದ್ದೆ. ಜನ ನಗುತ್ತಾರೆಂದು ಹರಿದೆ. ಎರಡನೆಯದರಲ್ಲಿ ಚಂಪಾಳಿಗೆ ಇನ್ನೊಂದು ಯಂತ್ರ ಕೊಡಿಸಿದೆ. ಭೋಜ ಒಪ್ಪಲಿಲ್ಲ.

“ನೀವು ಬರೆದ ಕೂಡಲೇ ಬರುವುದಿಲ್ಲ ಸ್ವಾಮಿ. ಅದಕ್ಕೆ ಫಾರಂ ಉಂಟು, ಆರು ತಿಂಗಳು ಉಂಟು. ಇವಳ ತುಟಿ ನೋಡಿ.”

ನೋಡಿದೆ. ನೀಲಿ.

೪.

(ಮೂರು ಹರಿದುಹೋಗಿದೆ.)

ಭೋಜ ಕುರ್ಚಿಯಿಂದ ಮಾಸ್ಕ್ ಎಳೆದ. ಬರಲಿಲ್ಲ. ಮುಳುಗಿದವಳು ಸಿಕ್ಕಿದ ಗಾಳಿಯನ್ನು ಬಿಡುತ್ತಾಳೆಯೇ? ಚಂಪಾ ಅವನ ಕೈ ಸರಿಸಿದಳು. ಹಿಂದೆ ಉಯ್ಯಾಲೆಗೆ ಹಠ ಹಿಡಿದ ಮಗುವಿಗೆ ಹೇಳುತ್ತಿದ್ದ ಹಾಗೆಯೇ ಹೇಳಿದಳು:

“ಹತ್ತರವರೆಗೆ ಅಮ್ಮ, ಆಮೇಲೆ ಹತ್ತರವರೆಗೆ ನೀನು. ಎಣಿಸು ಮಗಾ.”

ಮಾಸ್ಕ್ ಸಡಿಲವಾಯಿತು. ಚಂಪಾ ಮುಖಕ್ಕಿಟ್ಟುಕೊಂಡಳು. ಖಾಲಿ ಕುರ್ಚಿಯಿಂದ ತುಳುವಿನಲ್ಲಿ ಎಣಿಕೆ ಕೇಳಿತು. ಒಂಜಿ. ರಡ್ಡ್. ಮೂಜಿ.

ಹಾಗೆ ಎಷ್ಟೋ ಸರದಿ ಕಳೆದವು. ಭೋಜನಿಗೆ ಒಂದು ಸಂಗತಿ ಗೊತ್ತಾಯಿತು. ಅವನು ಹೆಂಡತಿಗೆ ಹೇಳಲಿಲ್ಲ, ನನಗೆ ಹೇಳಿದ. ಅಮ್ಮನ ಸರದಿ ಬಂದಾಗ ಮಗಳು ಪ್ರತಿ ಸಲವೂ ಹಿಂದಿನದಕ್ಕಿಂತ ಸ್ವಲ್ಪ ಬೇಗ ಎಣಿಸುತ್ತಿದ್ದಾಳೆ.

ಈಗ ಅಮ್ಮನ ಸರದಿ. ಏಳ್. ಎಣ್ಮ. ಒರ್ಂಬ.

ಮುಂದೆ ಬರೆಯದ ಹಾಗೆ ಭೋಜ ನನ್ನ ಪೆನ್ನು ಹಿಡಿದುಕೊಂಡಿದ್ದಾನೆ. ಹತ್ತನ್ನು ಸಾವಿರ ಮಾಡಿ ಹೇಳುವವನು ನಾನು, ಇಡೀ ಜಿಲ್ಲೆಗೇ ಗೊತ್ತು. ಇವತ್ತು ಒಂಬತ್ತರಲ್ಲೇ ಕೂತಿದ್ದೇನೆ. ನೀವೂ ಮುಂದಿನದನ್ನು ಬಾಯಿ ಬಿಟ್ಟು ಹೇಳಬೇಡಿ.