ಪಕ್ಕ ಸವೆದ ಬೂಟು

"ನಾನು ಹೇಳೋದ್ರಲ್ಲಿ ಒಂದಕ್ಷರ ಸುಳ್ಳಿದ್ರೂ ಈ ಪೆಟ್ಟಿಗೆ ನನ್ನ ಕಾಲ ಮೇಲೇ ಬೀಳ್ಲಿ," ಎಂದ ಬಸ್ ಡ್ರೈವರ್. ಶವಪೆಟ್ಟಿಗೆಯ ತಲೆಭಾಗ ಅವನ ಹೆಗಲ ಮೇಲಿತ್ತು. ಮೆಟ್ಟಿಲ ತಿರುವಿನಲ್ಲಿ ಅದು ಸಿಕ್ಕಿಹಾಕಿಕೊಂಡಿತ್ತು.

ಪೆಟ್ಟಿಗೆ ಗೇಣುದ್ದ ಜಾರಿತು. ಡ್ರೈವರ್ ಕಾಲ್ಬೆರಳುಗಳನ್ನು ಒಳಕ್ಕೆ ಮಡಚಿಕೊಂಡ.

"ಮೊದ್ಲು ಇಳಿಸಣ್ಣ, ಆಮೇಲೆ ಆಣೆ ಇಡುವಂತೆ," ಎಂದಳು ಕೆಳಗಿನ ತುದಿ ಹಿಡಿದಿದ್ದ ಕೋಚಮ್ಮ.

ಊರಿನ ಹುಡುಗಿಯರ ಜೂನಿಯರ್ ಹಾಕಿ ತಂಡಕ್ಕೆ ಅವಳು ಕೋಚು, ಅವನು ತಂಡದ ಬಸ್ಸಿನ ಡ್ರೈವರು. ಪೆಟ್ಟಿಗೆಯೊಳಗಿದ್ದವರು ಅಳತೆ ಮಾವ. ಪೇಟೆಬೀದಿಯ ಬೂಟಿನ ಅಂಗಡಿಯಲ್ಲಿ ಜೀವಮಾನವೆಲ್ಲ ಊರಿನವರ ಪಾದ ಅಳೆದು, ಅದರ ಜೊತೆಜೊತೆಗೇ ತಂಡಕ್ಕೆ ಆಟಗಾರ್ತಿಯರನ್ನು ಹುಡುಕಿಕೊಡುತ್ತಿದ್ದವರು.

"ಕಡೇಕಡೆಗೆ ಕಡ್ಡಿ ಹಾಗಾಗಿದ್ರಲ್ಲ, ಇಷ್ಟು ಭಾರ ಎಲ್ಲಿಂದ ಬಂತು?" ಎಂದಳು ಕೋಚಮ್ಮ. ದನಿಯಲ್ಲಿ ದುಃಖಕ್ಕಿಂತ ಅನುಮಾನ ಒಂದು ತೂಕ ಹೆಚ್ಚಿತ್ತು.

"ಗುಟ್ಟಿನ ಭಾರ," ಎಂದ ಡ್ರೈವರ್.

"ಕಬ್ಬಿಣದ ಭಾರ," ಎಂದರು ಮೇಲಿನ ಮೆಟ್ಟಿಲಿಂದ ಅತ್ತೆ. ಮಾವನ ಹೆಂಡತಿಯಾದ್ದರಿಂದ ಅವರು ಊರಿಗೆಲ್ಲ ಅತ್ತೆ. "ಅವರ ಪಾದ ಅಳೆಯೋ ಹಲಗೆ ಒಳಗೆ ಇಟ್ಟಿದೀನಿ. ಅಲ್ಲಿ ಯಾರ ಕಾಲಾದ್ರೂ ಅಳ್ಕೊಂಡು ಕೂತಿರ್ಲಿ."

ಕೋಚಮ್ಮ ಪೆಟ್ಟಿಗೆಯ ಮುಚ್ಚಳವನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿದಳು. ಹಲಗೆ ಮಾತ್ರವೇ ಇದೆಯೆಂದು ಅವಳಿಗೆ ಪೂರ್ತಿ ನಂಬಿಕೆ ಬಂದಂತಿರಲಿಲ್ಲ.

*

ಅಂಗಡಿಯಲ್ಲಿ ಮಾವನದು ಒಂದೇ ಕ್ರಮ. ಹೊಸ ಬೂಟಿಗೆಂದು ಬಂದ ಹುಡುಗಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಹಳೆಯ ಬೂಟು ಬಿಚ್ಚಿಸಿ, ಅದನ್ನು ಬೆಳಕಿಗೆ ತಿರುಗಿಸಿ ಅಟ್ಟೆ ಓದುತ್ತಿದ್ದರು. ತುದಿ ಸವೆದಿದ್ದರೆ ಫಾರ್ವರ್ಡ್. ಹಿಮ್ಮಡಿ ಸವೆದಿದ್ದರೆ ಬ್ಯಾಕ್. ಎರಡೂ ಬೂಟಿನ ಒಳಪಕ್ಕ ಸವೆದಿದ್ದರೆ ಗೋಲ್‌ಕೀಪರ್. ದಾರಿಯಲ್ಲಿ ಉರುಳಿ ಬಂದದ್ದನ್ನೆಲ್ಲ ಪಾದದ ಪಕ್ಕದಿಂದ ತಡೆಯುವವಳು ಚೆಂಡನ್ನೂ ತಡೆಯುತ್ತಾಳೆ ಎಂಬುದು ಅವರ ಲೆಕ್ಕ.

"ನೀನು ಫಾರ್ವರ್ಡ್," ಎಂದಿದ್ದರು ಒಮ್ಮೆ ಒಬ್ಬ ಪುಟ್ಟ ಹುಡುಗಿಗೆ.

"ನಂಗೆ ಓಡೋಕೇ ಬರಲ್ಲ ಮಾವ."

"ನಿನ್ನ ಬೂಟು ಬೇರೆ ಹೇಳ್ತಿದೆಯಲ್ಲ. ನಿಮ್ಮಿಬ್ರಲ್ಲಿ ಯಾರನ್ನ ನಂಬಲಿ?"

ಬೂಟನ್ನೇ ನಂಬಿದರು. ಹುಡುಗಿಯ ಸೈಕಲ್ಲಿಗೆ ಬ್ರೇಕ್ ಇರಲಿಲ್ಲ. ಇಳಿಜಾರಿನಲ್ಲಿ ಬೂಟಿನ ತುದಿಯನ್ನು ನೆಲಕ್ಕೆ ಒತ್ತಿ ನಿಲ್ಲಿಸುತ್ತಿದ್ದಳು, ಅಷ್ಟೇ. ಅದು ಗೊತ್ತಾಗುವ ಹೊತ್ತಿಗೆ ಅವಳು ತಂಡ ಸೇರಿ, ಬೇರೆ ದಾರಿಯಿಲ್ಲದೆ ಓಡುವುದನ್ನೂ ಕಲಿತಿದ್ದಳು. ಈಗ ಅವಳೇ ಕೋಚಮ್ಮ.

ಇಂಥ ತಪ್ಪುಗಳಿಂದಲೇ ಮಾವ ಒಳ್ಳೊಳ್ಳೆಯ ತಂಡ ಕಟ್ಟಿದ್ದರು. ಅವರ ದೊಡ್ಡ ತಪ್ಪು ಮಾತ್ರ ಬೂಟಿಗೆ ಸಂಬಂಧಿಸಿದ್ದಲ್ಲ. ಒಂದು ವರ್ಷ ಶಾಲೆ ಶುರುವಾಗುವ ವಾರ ಒಂದೇ ತರಗತಿಯ ಹುಡುಗಿಯರು ಗುಂಪಾಗಿ ಅಂಗಡಿಗೆ ನುಗ್ಗಿದರು. ಮಾವ ಅವತ್ತೇ ಸಂಜೆಯೊಳಗೆ ಇಡೀ ತಂಡ ಆರಿಸಿ ಕೈತೊಳೆದುಕೊಂಡರು. ಹುಡುಗಿಯರು ಆಡಿದರು, ಗೆದ್ದರು, ಕಪ್ ತಂದರು. ಎಲ್ಲರದೂ ಒಂದೇ ವಯಸ್ಸೆಂಬುದು ಯಾರ ತಲೆಗೂ ಹೊಳೆಯಲಿಲ್ಲ. ಹೋದ ಸೀಸನ್ ಮುಗಿದದ್ದೇ ತಡ, ತಂಡಕ್ಕೆ ತಂಡವೇ ಜೂನಿಯರ್ ವಯಸ್ಸು ದಾಟಿ ಹೊರಗೆ ನಡೆಯಿತು. ಮೈದಾನದಲ್ಲಿ ಉಳಿದದ್ದು ಕೋಚಮ್ಮ, ಡ್ರೈವರ್ ಮತ್ತು ಗೋಲಿನ ಬಲೆ.

*

ಪೆಟ್ಟಿಗೆಯನ್ನು ನಡುಮನೆಯಲ್ಲಿ ಇಳಿಸಿ ಬೆಂಚಿನ ಮೇಲಿಟ್ಟರು. ಬಂದವರೆಲ್ಲ ಬಾಗಿಲ ಹೊರಗೆ ಬೂಟು ಬಿಚ್ಚಿ ಒಳಗೆ ಬಂದು, ಕೈಕಟ್ಟಿ ನಿಂತು, ಮುಖ ನೋಡಿ ಗೋಡೆಗೆ ಸರಿಯುತ್ತಿದ್ದರು. ಡ್ರೈವರ್‌ಗೆ ಕೇಳುವವರು ಸಿಕ್ಕಿದ್ದರು.

"ಬೂಟು ನೋಡೋದು ಮೊದಲನೇ ಪರೀಕ್ಷೆ. ಎರಡನೇದು ಪಾಲಿಶ್ ಡಬ್ಬಿ. ಸ್ಟೂಲ್ ಮೇಲೆ ಕೂತವಳ ಕಡೆಗೆ ಡಬ್ಬಿ ಉರುಳಿಸಿಬಿಡೋರು, ತಡೀತಾಳಾ ಇಲ್ವಾ ಅಂತ. ಒಂದ್ಸಲ ತಡೀಲಿಲ್ಲ ನೋಡಿ. ಡಬ್ಬಿ ಬಾಗಿಲು ದಾಟ್ತು, ಪೇಟೆಬೀದಿ ದಾಟ್ತು, ಸೇತುವೆ ಮೇಲೆ ನನ್ನ ಬಸ್ಸನ್ನ ಓವರ್‌ಟೇಕ್ ಮಾಡ್ತು. ದೇವರಾಣೆ."

"ಹಾರ್ನ್ ಹೊಡೀತಾ?" ಎಂದು ಯಾರೋ ಕೇಳಿದರು. ಸಾವಿನ ಮನೆಯೆಂದು ಎಲ್ಲರೂ ಕೆಮ್ಮಿನಲ್ಲಿ ನಕ್ಕರು.

ಅಷ್ಟರಲ್ಲಿ ಲಾರಿ ಟೈರಿನಷ್ಟು ದೊಡ್ಡ ಹೂವಿನ ಚಕ್ರ ಬಾಗಿಲಲ್ಲಿ ಕಾಣಿಸಿತು. ಅದರ ಹಿಂದೆ ನದಿಯಾಚೆಯ ಊರಿನ ಕೋಚ್ ಇದ್ದ.

"ಇವನು ಯಾಕೆ ಬಂದ?" ಎಂದು ಕೋಚಮ್ಮ ಡ್ರೈವರ್‌ನ ಪಕ್ಕೆ ತಿವಿದಳು.

"ಸಾವಿಗೆ ಬಂದಿದಾರೆ."

"ಸಾವಿಗೆ ಬಂದೋನು ಸತ್ತೋರ ಮುಖ ನೋಡ್ತಾನೆ. ಇವನು ಜನರ ಕಾಲು ನೋಡ್ತಿದಾನೆ."

"ನೀವೂ ಬೆಳಗ್ಗೆಯಿಂದ ಅದನ್ನೇ ನೋಡ್ತಿದೀರಲ್ಲ ಕೋಚಮ್ಮ."

*

ಹೋದ ವಾರ ಆಸ್ಪತ್ರೆಯಲ್ಲಿ ಮಾವ ಮೊದಲು ಕೋಚಮ್ಮನಿಂದ ಮಂಚದ ಕೆಳಗೆ ನೋಡಿಸಿದ್ದರು. ಆಮೇಲೆ ಪರದೆಯ ಹಿಂದೆ.

"ಯಾರೂ ಇಲ್ಲ ಮಾವ."

"ಆ ನರ್ಸು?"

"ಅವರು ಕೆಲಸ ಮಾಡ್ತಿದಾರೆ."

"ಹಾಕಿರೋ ಬೂಟು ನಮ್ಮಂಗಡೀದಲ್ಲ. ನದಿಯಾಚೆಯವಳೇ ಇರಬೇಕು. ಹತ್ತಿರ ಬಾ." ಕೋಚಮ್ಮ ಬಗ್ಗಿದಳು. "ಕೀಪರ್ ಸಿಕ್ಕಿದಾಳೆ."

ಬೇಸಿಗೆಯೆಲ್ಲ ಮನೆಮನೆ ಅಲೆದು ಕೋಚಮ್ಮ ಹೊಸ ತಂಡ ಹೊಂದಿಸಿದ್ದಳು. ಗೋಲಿನಲ್ಲಿ ನಿಲ್ಲುವವಳೊಬ್ಬಳು ಮಾತ್ರ ಸಿಕ್ಕಿರಲಿಲ್ಲ. ಕೀಪರ್ ಅಂದ ಕೂಡಲೇ ಅಮ್ಮಂದಿರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಕೀಪರ್ ಇಲ್ಲದ ತಂಡವನ್ನು ಲೀಗ್ ಸೇರಿಸಿಕೊಳ್ಳುವುದಿಲ್ಲ. ಹುಡುಗಿಯರು ಓದುವ ಊರಿಗೆ ಆಡಬಹುದು, ಇಲ್ಲವೇ ಮನೆಯಿರುವ ಊರಿಗೆ. ನದಿಯ ಎರಡೂ ದಡದವರಿಗೆ ಇರುವುದು ಈಚೆಯ ಒಂದೇ ಶಾಲೆ. ಈ ತಂಡ ಒಂದು ವರ್ಷ ಮುಚ್ಚಿದರೆ ಆಚೆ ಮನೆಯಿರುವ ಒಳ್ಳೊಳ್ಳೆಯ ಕಾಲುಗಳೆಲ್ಲ ಸೇತುವೆ ದಾಟುತ್ತವೆ, ಮತ್ತೆ ಈ ಕಡೆ ಬರುವುದಿಲ್ಲ.

"ಯಾರು ಮಾವ?"

"ಈಗ ಹೇಳಲ್ಲ. ನಿನ್ನ ಮುಖ ಅಂಗಡಿ ಬೋರ್ಡ್ ಇದ್ದ ಹಾಗೆ, ದೂರದಿಂದಲೇ ಓದಬಹುದು. ಆಚೆ ಊರಿನ ಕೋಚು ಓದ್ಕೊಂಡು ಬಂದು ಅವಳನ್ನ ಎತ್ಕೊಂಡು ಹೋಗ್ತಾನೆ. ಲೀಗಿಗೆ ಹೆಸರು ಕೊಡೋ ಹಿಂದಿನ ದಿನ ಹೇಳ್ತೀನಿ."

"ಸುಳಿವಾದ್ರೂ ಕೊಡಿ."

"ಶುದ್ಧ ಸೋಮಾರಿ. ಒಂದು ಹೆಜ್ಜೆ ಓಡಲ್ಲ. ಆದ್ರೆ ಎದುರಿಗೆ ಏನೇ ಬಂದ್ರೂ ಪಕ್ಕಕ್ಕೆ ಸರಿಯೋಳಲ್ಲ."

ಮೇಜಿನ ಮೇಲೆ ನದಿಯಾಚೆಯ ಕೋಚ್ ತಂದಿಟ್ಟ ಹಣ್ಣಿನ ಬುಟ್ಟಿ ಹಾಗೇ ಇತ್ತು. ಮಾವ ಒಂದನ್ನೂ ಮುಟ್ಟಿರಲಿಲ್ಲ. "ಸುಮ್ ಸುಮ್ನೆ ಯಾರಾದ್ರೂ ಹಣ್ಣು ತರ್ತಾರಾ?" ಎಂದು ಕಣ್ಣು ಮುಚ್ಚಿಕೊಂಡರು.

ಹೆಸರು ಕೊಡುವ ಹಿಂದಿನ ದಿನ ಇವತ್ತು. ಮಾವ ನಿನ್ನೆಯೇ ಹೋಗಿಬಿಟ್ಟಿದ್ದರು.

*

ಶವದ ವ್ಯಾನ್ ಬರಲು ಇನ್ನೂ ಹೊತ್ತಿತ್ತು. ಕೋಚಮ್ಮ ಮೆಲ್ಲಗೆ ಹೊರಗೆ ಬಂದಳು. ಬಾಗಿಲ ಮುಂದೆ ಬಂದವರ ಬೂಟುಗಳು ಸಾಲಾಗಿ ಬಿದ್ದಿದ್ದವು. ಅರ್ಧಕ್ಕರ್ಧ ಶಾಲೆಯ ಹುಡುಗಿಯರವು. ಅವಳು ತನ್ನ ಚಪ್ಪಲಿ ಹುಡುಕುವವಳ ಹಾಗೆ ಬಗ್ಗಿ, ಒಂದೊಂದನ್ನೇ ಎತ್ತಿ ಅಟ್ಟೆ ನೋಡುತ್ತ ಮುಂದೆ ಸರಿದಳು. ತುದಿ. ತುದಿ. ಹಿಮ್ಮಡಿ. ಮೊಳೆ ಕಿತ್ತದ್ದು. ಸಾಲಿನ ಆ ತುದಿಯಿಂದ ಇನ್ಯಾರೋ ಹೀಗೇ ಬಗ್ಗಿಕೊಂಡು ಬರುತ್ತಿದ್ದರು. ಇಬ್ಬರ ಕೈಯೂ ನಡುವಿನಲ್ಲಿ ಒಂದೇ ಬೂಟಿನ ಮೇಲೆ ಬಿತ್ತು.

"ಏನಾದ್ರೂ ಕಳ್ಕೊಂಡ್ರಾ?" ಎಂದ ನದಿಯಾಚೆಯ ಕೋಚ್.

"ಚಪ್ಪಲಿ ಹುಡುಕ್ತಿದೀನಿ."

"ಕಾಲಲ್ಲೇ ಇವೆಯಲ್ಲ."

ಕೋಚಮ್ಮ ಕಾಲು ನೋಡಿಕೊಂಡಳು. ಹೌದು, ಹೊರಗೆ ಬರುವಾಗಲೇ ಮೆಟ್ಟಿಕೊಂಡಿದ್ದಳು. "ನಿಮ್ಮವೂ ಕಾಲಲ್ಲೇ ಇವೆ," ಎಂದಳು.

"ಒಂದ್ಸಲ ಖಾತ್ರಿ ಮಾಡ್ಕೊಳ್ತಿದ್ದೆ."

ಇಬ್ಬರೂ ಬೂಟು ಬಿಡಲಿಲ್ಲ. ಅದು ಬಟ್ಟೆಯ ಬೂಟು. ಒಳಪಕ್ಕ ನುಣ್ಣಗೆ ಸವೆದು ಎಳೆ ಬಿಟ್ಟಿತ್ತು. ಜೋಡಿಯ ಇನ್ನೊಂದೂ ಹಾಗೆಯೇ. ಕೋಚಮ್ಮ ಅದನ್ನು ಹಿಮ್ಮಡಿ ಹಿಡಿದು ಎಳೆದಳು. ಅವನು ತುದಿ ಹಿಡಿದು ಎಳೆದ.

"ಎಳೆದಾಡಿ ಹರೀಬೇಡಿ," ಎಂದರು ಬಾಗಿಲಲ್ಲಿ ನಿಂತ ಅತ್ತೆ. "ಅವು ನನ್ನವು. ಮಂಡಿ ನೋವು, ಕಾಲು ಒಳಗೆ ಎಳೆದು ನಡೀತೀನಿ. ಈಗ ಹೇಳಿ, ನಾನು ಯಾವ ಊರಿಗೆ ಆಡಬೇಕು?"

ಇಬ್ಬರೂ ಬೂಟನ್ನು ಕೆಳಗಿಟ್ಟರು. ಅತ್ತೆ ಅದನ್ನು ಕಾಲಿಂದ ತಿರುಗಿಸಿ ನೋಡಿದರು.

"ನಮ್ಮನೆಯವರು ಊರಿನ ಬೂಟೆಲ್ಲ ತಿರುಗಿಸಿ ನೋಡಿದ್ರು. ಇದನ್ನ ಮಾತ್ರ ನೋಡ್ಲಿಲ್ಲ," ಎಂದರು. "ಆ ಕೀಪರ್ ಹುಡುಗಿ ಯಾರು ಅಂತ ನನ್ನ ಹತ್ರಾನೂ ಬಾಯಿ ಬಿಡ್ಲಿಲ್ಲ, ಗೊತ್ತಾ? ನಾನು ನಿಮ್ಮಿಬ್ರಲ್ಲಿ ಯಾರಿಗೋ ಹೇಳಿಬಿಡ್ತೀನಿ ಅಂತ ಅನುಮಾನ."

ಕಾಂಪೌಂಡ್ ಗೋಡೆಯ ಕಡೆಯಿಂದ ಒಂದು ದನಿ ಬಂತು.

"ಅಪ್ಪಾ, ಇನ್ನೂ ಎಷ್ಟೊತ್ತು?"

ಗೋಡೆಯ ಮೇಲೆ ಒಬ್ಬಳು ಉದ್ದನೆಯ ಹುಡುಗಿ ಕಾಲು ಮಡಚಿಕೊಂಡು ಕೂತಿದ್ದಳು.

"ನನ್ನ ಮಗಳು," ಎಂದ ನದಿಯಾಚೆಯ ಕೋಚ್, ತಪ್ಪೊಪ್ಪಿಕೊಳ್ಳುವವನ ಹಾಗೆ. "ನಾನೂ ಬರ್ತೀನಿ ಅಂತ ಹಟ ಹಿಡಿದು ಬಂದ್ಲು. ಬಂದಮೇಲೆ ಒಳಗೂ ಕಾಲಿಡ್ತಿಲ್ಲ."

"ಆಡ್ತಾಳಾ?"

"ಅವಳಾ? ಎದ್ದು ನೀರು ಕುಡಿಯೋಕೂ ನಾಳೆ ನೋಡೋಣ ಅಂತಾಳೆ."

ಅವನು ಕೋಚಮ್ಮನ ಮುಖವನ್ನೇ ನೋಡಿದ. ಕೋಚಮ್ಮ ಅಂಗಡಿ ಬೋರ್ಡಿನ ಮಾತು ನೆನಪಾಗಿ ಗೋಡೆಯ ಕಡೆಗೆ ತಿರುಗಿ ನಿಂತಳು.

*

ಸ್ಮಶಾನದಲ್ಲಿ ಗುಂಡಿ ತಯಾರಿತ್ತು. ಪಕ್ಕದಲ್ಲಿ ಹಸಿ ಮಣ್ಣಿನ ಗುಡ್ಡೆ. ಹಗ್ಗ ಬಿಟ್ಟು ಪೆಟ್ಟಿಗೆ ಇಳಿಸುವಾಗ ಕಬ್ಬಿಣದ ಹಲಗೆ ಒಳಗೆ ಒಮ್ಮೆ ಠಣ್ ಎಂದಿತು. ಅತ್ತೆ ಮೊದಲ ಹಿಡಿ ಮಣ್ಣು ಹಾಕಿದರು. ಜನ ಒಬ್ಬೊಬ್ಬರೇ ಮುಂದೆ ಬಂದರು.

"ನಾಳೆ ಲೀಗ್ ಆಫೀಸಿಗೆ ಹೋಗಿ ತಂಡ ಇಲ್ಲ ಅಂತ ಹೇಳಿಬರ್ತೀನಿ," ಎಂದಳು ಕೋಚಮ್ಮ ತಗ್ಗಿದ ದನಿಯಲ್ಲಿ. "ಕೀಪರ್ ಅಂತ ಯಾರೂ ಇರ್ಲಿಲ್ಲ ಅನ್ಸುತ್ತೆ. ನಂಗೆ ಸಮಾಧಾನ ಆಗ್ಲಿ ಅಂತ ಹೇಳಿರಬೇಕು."

"ಮಾವ ಸಮಾಧಾನಕ್ಕೆ ಸುಳ್ಳು ಹೇಳೋ ಪೈಕಿ ಅಲ್ಲ. ಆ ಖಾತೆ ನಂದು," ಎಂದ ಡ್ರೈವರ್. "ಒಂದ್ಸಲ ನನ್ನ ಬಸ್ ಚಕ್ರದ ಸವೆತ ನೋಡಿ ಏನಂದ್ರು ಅಂದ್ರೆ..."

ಗುಂಡಿ ತೋಡುವವನು ಗುಡ್ಡೆಗೆ ಸಲಿಕೆ ಹಾಕಿದ. ಮೇಲಿದ್ದ ಗುಂಡುಕಲ್ಲೊಂದು ಸಡಿಲವಾಗಿ, ಇಳಿಜಾರಿನಲ್ಲಿ ವೇಗ ಹಿಡಿದು, ನೇರ ಗುಂಡಿಯ ಕಡೆಗೆ ಉರುಳಿತು. ಅಂಚಿನಲ್ಲಿ ಉದ್ದನೆಯ ಹುಡುಗಿ ಎಲ್ಲೋ ನೋಡುತ್ತ ನಿಂತಿದ್ದಳು. ಅವಳ ಎಡಗಾಲು ಪಕ್ಕಕ್ಕೆ ಚಾಚಿತು. ಕಲ್ಲು ಬೂಟಿಗೆ ಬಡಿದು ಅಲ್ಲೇ ಸತ್ತಂತೆ ನಿಂತಿತು. ಅವಳು ಕೆಳಗೆ ನೋಡಲೂ ಇಲ್ಲ.

ಕೋಚಮ್ಮ ಡ್ರೈವರ್‌ನ ಮಾತನ್ನು ಅಲ್ಲೇ ಬಿಟ್ಟು ಗುಡ್ಡೆಯ ಹತ್ತಿರ ಹೋದಳು. ಒಂದು ಸಲ ಆದದ್ದು ಅಚಾನಕ್ಕೂ ಇರಬಹುದು. ಇನ್ನೊಂದು ಕಲ್ಲನ್ನು ಚಪ್ಪಲಿಯ ತುದಿಯಿಂದ ನೂಕಿದಳು, ಸ್ವಲ್ಪ ಜೋರಾಗಿಯೇ. ಈ ಸಲ ಬಲಗಾಲು.

"ಅಂಗಡಿ ಅಜ್ಜನೂ ಹಿಂಗೇ ಮಾಡ್ತಿದ್ರು," ಎಂದಳು ಹುಡುಗಿ. "ಪಾಲಿಶ್ ಡಬ್ಬಿ."

"ಒಂದಾದ್ರೂ ದಾಟಿತ್ತಾ?"

"ದಾಟೋಕೆ ಬಿಟ್ರೆ ಎದ್ದು ಹೋಗಿ ತಂದ್ಕೊಡಬೇಕಿತ್ತಲ್ಲ."

ಕೋಚಮ್ಮ ಸುತ್ತ ನೋಡಿ, ಮಣ್ಣು ಹಾಕುವವಳ ಹಾಗೆ ಬಗ್ಗಿದಳು. "ನಾಳೆ ಬೆಳಗ್ಗೆ ಏನಾದ್ರೂ ಕೆಲಸ ಇದ್ಯಾ?"

"ಓಡೋದಿದ್ಯಾ?"

"ಇಲ್ಲ. ನಿಲ್ಲೋದು."

ಹುಡುಗಿ ಯೋಚಿಸಿದಳು. "ಅಮ್ಮನ್ನ ಒಪ್ಪಿಸ್ತೀನಿ. ಅಪ್ಪನಿಗೆ ಮೊದಲನೇ ಮ್ಯಾಚಲ್ಲಿ ಗೊತ್ತಾದ್ರೆ ಸಾಕು."

ಗುಡ್ಡೆಯ ಆ ಬದಿಯಲ್ಲಿ ಅಪ್ಪ ಗುಂಡಿ ತೋಡುವವನ ಬೂಟನ್ನೇ ದಿಟ್ಟಿಸುತ್ತ ನಿಂತಿದ್ದ. ಅವನ ಮನೆಯಲ್ಲಿ ಯಾರಾದರೂ ಹುಡುಗಿಯರಿದ್ದಾರೋ ಎಂದು ಕೇಳುವ ಸಿದ್ಧತೆಯಲ್ಲಿದ್ದ. ನಡೆದದ್ದನ್ನೆಲ್ಲ ನೋಡಿದ್ದ ಡ್ರೈವರ್ ಮೆಲ್ಲಗೆ ಅಪ್ಪನ ಪಕ್ಕಕ್ಕೆ ಬಂದ.

"ಸಾರ್, ನಿಮಗೊಂದು ನಿಜ ಹೇಳ್ಲಾ?"

"ನೀನಾ?"

"ಒಂದಕ್ಷರ ಸುಳ್ಳಿದ್ರೂ ನನ್ನನ್ನೂ ಇದೇ ಗುಂಡಿಗೆ ಹಾಕಿ. ಮಾವ ಕೀಪರ್ ಆರಿಸಿದ್ದು ದಿಟ. ಅವಳು ಈಗ ನಿಮ್ಮ ಬೆನ್ನ ಹಿಂದೇನೇ ನಿಂತಿದಾಳೆ. ದಿನಾ ನಿಮ್ಮ ಮನೇಲೇ ಊಟ ಮಾಡ್ತಾಳೆ, ದೇವರಾಣೆ ಸಾರ್, ಅವಳು ಬೇರೆ ಯಾರೂ ಅಲ್ಲ, ನಿಮ್ಮ ಸ್ವಂತ..."

ನದಿಯಾಚೆಯ ಕೋಚ್ ಕೈ ಕೊಡವಿ ಗುಂಡಿ ತೋಡುವವನ ಕಡೆಗೆ ನಡೆದುಬಿಟ್ಟಿದ್ದ. ಅವನ ಹಿಂದೆ, ಗುಂಡಿಯ ಅಂಚಿನಲ್ಲಿ, ಹುಡುಗಿ ಎರಡು ಕಲ್ಲುಗಳನ್ನೂ ಒಂದೊಂದಾಗಿ ಗುಡ್ಡೆಯ ಕಡೆಗೆ ಹಿಂದಕ್ಕೆ ತಳ್ಳುತ್ತಿದ್ದಳು. ಬೂಟಿನ ಒಳಪಕ್ಕ ತೂತು ಬಿದ್ದು ಕಾಲುಚೀಲ ಹೊರಗೆ ಇಣುಕುತ್ತಿತ್ತು.